ಬಲೆ ಖಾಲಿ, ಬೆಳೆಯಲ್ಲಿ ಹುಳು: ರಾತ್ರಿಯ ತಾಪಮಾನ ನೋಡಿ ಪತಂಗದ ಲೆಕ್ಕ ಹಿಡಿಯುವುದು ಹೇಗೆ?

ಜಗಳೂರು, ಹೊಳಲ್ಕೆರೆ, ಚಳ್ಳಕೆರೆ ಕಡೆಯ ರೈತರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. "ಮೋಹಕ ಬಲೆ ಕಟ್ಟಿದ್ದೇನೆ, ನಾಲ್ಕು ದಿನದಿಂದ ಒಂದೂ ಪತಂಗ ಬಿದ್ದಿಲ್ಲ. ಆದರೆ ಗಿಡದಲ್ಲಿ ಹುಳು ಇದೆ. ಬಲೆ ಕೆಟ್ಟಿದೆಯಾ?" ಇನ್ನು ಕೆಲವರದ್ದು ಇದರ ಉಲ್ಟಾ. "ನಿನ್ನೆವರೆಗೆ ಒಂದೆರಡು ಬೀಳುತ್ತಿತ್ತು, ಇವತ್ತು ನೋಡಿದರೆ ಬಲೆ ತುಂಬಿದೆ. ಇವತ್ತೇ ಔಷಧಿ ಹೊಡೆಯಲಾ?"

ಬಹುತೇಕ ಸಲ ಬಲೆ ಕೆಟ್ಟಿರುವುದಿಲ್ಲ. ನಾವು ಅದನ್ನು ಓದುವ ರೀತಿ ತಪ್ಪಿರುತ್ತದೆ. ಹೊಲದಲ್ಲಿ ಎಷ್ಟು ಪತಂಗ ಇವೆ ಎಂದು ಬಲೆ ಹೇಳುವುದಿಲ್ಲ. ಆ ರಾತ್ರಿ ಎಷ್ಟು ಪತಂಗ ಹಾರಾಡಿದವು ಎಂದಷ್ಟೇ ಹೇಳುತ್ತದೆ. ಎಷ್ಟು ಹಾರಬೇಕು, ಯಾವ ಹೊತ್ತಿಗೆ ಹಾರಬೇಕು ಎಂಬುದನ್ನು ತೀರ್ಮಾನಿಸುವುದರಲ್ಲಿ ತಾಪಮಾನದ ಪಾಲು ದೊಡ್ಡದು. ಹಾಗಾಗಿ ಬಲೆಯ ಎಣಿಕೆ ಪಕ್ಕದಲ್ಲಿ ಆ ರಾತ್ರಿಯ ತಾಪಮಾನ ಬರೆದಿಲ್ಲ ಅಂದರೆ ಆ ಎಣಿಕೆಯನ್ನು ನಂಬಿ ಸಾವಿರಾರು ರೂಪಾಯಿ ಔಷಧಿಗೆ ಸುರಿಯುವುದು ಸರಿಯಲ್ಲ.

ಮೊದಲು ಎರಡು ಪದ. ಮೋಹಕ ಬಲೆ ಅಂದರೆ ಹೆಣ್ಣು ಪತಂಗದ ವಾಸನೆ ತೋರಿಸಿ ಗಂಡು ಪತಂಗವನ್ನು ಹಿಡಿಯುವ ಬಲೆ. ಅಂಗಡಿಯಲ್ಲಿ ಫೆರೊಮೋನ್ ಟ್ರ್ಯಾಪ್ ಅಂದರೂ ಕೊಡುತ್ತಾರೆ. ಆ ವಾಸನೆ ತುಂಬಿದ ಸಣ್ಣ ರಬ್ಬರ್ ತುಂಡಿಗೆ ಲ್ಯೂರ್ ಎನ್ನುತ್ತಾರೆ. ಒಂದು ಲ್ಯೂರ್‌ಗೆ ಹೆಚ್ಚಾಗಿ ಒಂದೇ ಜಾತಿಯ ಗಂಡು ಬರುತ್ತದೆ. ಹೆಣ್ಣು ಬರುವುದಿಲ್ಲ. ಮೊಟ್ಟೆ ಇಡುವುದು ಹೆಣ್ಣು, ಬಲೆಗೆ ಬೀಳುವುದು ಗಂಡು. ಈ ಮಾತು ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಚಳಿಗೆ ಪತಂಗ ಏಕೆ ಹಾರುವುದಿಲ್ಲ

ಪತಂಗಕ್ಕೆ ನಮ್ಮ ಹಾಗೆ ಸದಾ ಒಂದೇ ಮೈಬಿಸಿ ಇರುವುದಿಲ್ಲ. ಸುಮ್ನೆ ಕೂತಾಗ ಸುತ್ತಲಿನ ಗಾಳಿ ಎಷ್ಟಿದೆಯೋ ಅದರ ಮೈಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ದಪ್ಪ ಮೈಯ ಪತಂಗಗಳು ಹಾರಬೇಕಾದರೆ ಎದೆಯ ಸ್ನಾಯು ಬಿಸಿಯಾಗಲೇಬೇಕು.

ಇದನ್ನು ನೀವೇ ನೋಡಬಹುದು. ಕತ್ತಲಾಗುವ ಹೊತ್ತಿಗೆ ಟಾರ್ಚ್ ಮುಖಕ್ಕೆ ಕೆಂಪು ಪಾರದರ್ಶಕ ಕಾಗದ ಸುತ್ತಿಕೊಂಡು ಮೆಕ್ಕೆಜೋಳದ ಸಾಲಿಗೆ ಇಳಿಯಿರಿ. ಕೆಂಪು ಬೆಳಕು ಪತಂಗಕ್ಕೆ ಅಷ್ಟಾಗಿ ಕಾಣುವುದಿಲ್ಲ, ಹಾಗಾಗಿ ಬೆದರುವುದಿಲ್ಲ. ಎಲೆಯ ಅಡಿಯಲ್ಲಿ ಬೂದು ಬಣ್ಣದ ಪತಂಗ ಕೂತಿರುತ್ತದೆ. ಸ್ವಲ್ಪ ಹೊತ್ತು ಕಾದರೆ ಮೀಸೆ ಮುಂದಕ್ಕೆ ಚಾಚುತ್ತದೆ. ಆಮೇಲೆ ರೆಕ್ಕೆ ಪೂರ್ತಿ ಬಿಚ್ಚದೆ, ಕೂತಲ್ಲೇ ಸಣ್ಣಗೆ ನಡುಗಿಸಲು ಶುರು ಮಾಡುತ್ತದೆ. ಎಷ್ಟು ಬೇಗ ನಡುಗುತ್ತದೆ ಅಂದರೆ ರೆಕ್ಕೆಯ ಅಂಚು ಮಸುಕಾಗಿ ಕಾಣುತ್ತದೆ. ಅದು ಮೈ ಬಿಸಿ ಮಾಡಿಕೊಳ್ಳುವ ಕ್ರಮ. ಬೆಚ್ಚಗಿನ ಸಂಜೆ ಇದು ಬೇಗ ಮುಗಿದು ಪತಂಗ ಹಾರಿಹೋಗುತ್ತದೆ. ಚಳಿಯ ಸಂಜೆ ನಿಮಿಷಗಟ್ಟಲೆ ನಡೆಯುತ್ತದೆ, ಮೈಯಲ್ಲಿರುವ ಶಕ್ತಿಯೂ ಅದಕ್ಕೇ ಖರ್ಚಾಗುತ್ತದೆ. ತೀರಾ ಚಳಿ ಇದ್ದರೆ ಪತಂಗ ಆ ಗೋಜಿಗೇ ಹೋಗದೆ ಕೂತೇ ಇರುತ್ತದೆ.

ನಮ್ಮ ಭಾಗದ ಮುಖ್ಯ ಪತಂಗಗಳಿಗೆ ಅಂದಾಜು ಗೆರೆಗಳನ್ನು ಹೀಗೆ ಇಟ್ಟುಕೊಳ್ಳಿ. ರಾತ್ರಿ ಹೊತ್ತು 20 ಡಿಗ್ರಿಗಿಂತ ಮೇಲಿದ್ದರೆ ಹಾರಾಟಕ್ಕೆ ಚಳಿಯ ಅಡ್ಡಿ ಇಲ್ಲ. 15ರಿಂದ 20ರ ನಡುವೆ ಹಾರಾಟ ಕಡಿಮೆಯಾಗುತ್ತಾ ಬರುತ್ತದೆ, ಹೊತ್ತೂ ಬದಲಾಗುತ್ತದೆ. 15ಕ್ಕಿಂತ ಕೆಳಗೆ ಹಾರುವವು ಬಹಳ ಕಡಿಮೆ. 12ರ ಹತ್ತಿರ ಬಂದರೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇವು ಕಲ್ಲಿನ ಮೇಲೆ ಕೊರೆದ ಗೆರೆಗಳಲ್ಲ. ಜಾತಿಯಿಂದ ಜಾತಿಗೆ ಒಂದೆರಡು ಡಿಗ್ರಿ ಆಚೀಚೆ ಆಗುತ್ತದೆ.

ಏನೇನು ಬೇಕು

ಒಂದು ಥರ್ಮಾಮೀಟರ್. ಆ ದಿನದ ಗರಿಷ್ಠ, ಕನಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವ ಡಿಜಿಟಲ್ ಮೀಟರ್ ಆದರೆ ಒಳ್ಳೆಯದು. ಬೆಳೆಗೆ ತಕ್ಕ ಲ್ಯೂರ್ ಇರುವ ಮೋಹಕ ಬಲೆಗಳು ಎಕರೆಗೆ 4ರಿಂದ 5. ಕೆಂಪು ಕಾಗದ ಸುತ್ತಿದ ಟಾರ್ಚ್, ಒಂದು ನೋಟ್‌ಬುಕ್, ಗಂಬೂಟು. ಇಷ್ಟೇ.

ಗಂಬೂಟನ್ನು ಸುಮ್ನೆ ಸೇರಿಸಿಲ್ಲ. ರಾತ್ರಿ ಕರೆಂಟ್ ಬಂದಾಗ ನೀರು ಕಟ್ಟಲು ಹೇಗೂ ಹೊಲಕ್ಕೆ ಹೋಗುತ್ತೀರಿ, ಆಗಲೇ ಈ ಕೆಲಸವೂ ಆಗುತ್ತದೆ. ಆದರೆ ಹಾವಿನ ಭಯ ಇದ್ದೇ ಇದೆ. ಜಗಳೂರು, ಮೊಳಕಾಲ್ಮೂರು, ಜೋಗಿಮಟ್ಟಿ ಕಾಡಿನ ಅಂಚಿನ ಹಳ್ಳಿಗಳಲ್ಲಿ ಕರಡಿ ಓಡಾಟವೂ ಇದೆ. ಅಂಥ ಕಡೆ ಒಬ್ಬರೇ ಹೋಗಬೇಡಿ. ಕತ್ತಲಾದ ಮೇಲಿನ ತಾಪಮಾನವನ್ನು ಮನೆ ಹತ್ತಿರದ ಬಯಲಲ್ಲಿ ನೋಡಿದರೂ ನಡೆಯುತ್ತದೆ. ಲೆಕ್ಕಕ್ಕೆ ಒಂದು ಡಿಗ್ರಿ ತಪ್ಪಾದರೆ ನಷ್ಟವೇನಿಲ್ಲ.

1. ಥರ್ಮಾಮೀಟರ್ ಸರಿಯಾದ ಜಾಗದಲ್ಲಿ ಇಡಿ

ಬಹಳ ಜನ ಎಡವುವುದು ಇಲ್ಲೇ. ಪಂಪ್‌ಸೆಟ್ ಮನೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕುತ್ತಾರೆ. ಹಗಲೆಲ್ಲ ಬಿಸಿಲು ಕುಡಿದ ಗೋಡೆ ರಾತ್ರಿ ಬಿಸಿ ಬಿಡುತ್ತಿರುತ್ತದೆ. ಮೀಟರ್ ತೋರಿಸುವುದು ಗೋಡೆಯ ಬಿಸಿ, ಹೊಲದ ಗಾಳಿಯದ್ದಲ್ಲ.

ಹೊಲದೊಳಗೆ ಒಂದು ಗೂಟ ನೆಟ್ಟು, ಬೆಳೆಯ ಎತ್ತರಕ್ಕೆ ಕಟ್ಟಿ. ಮೇಲೆ ಬಿಸಿಲು, ಮಳೆ ಬೀಳದ ಹಾಗೆ ಬಿಳಿ ಬಣ್ಣದ ಏನಾದರೂ ಮರೆ ಇರಲಿ, ಸುತ್ತ ಗಾಳಿ ಆಡಲಿ.

ಹೊಲ ಏರುತಗ್ಗಾಗಿದ್ದರೆ ಇನ್ನೊಂದು ವಿಷಯ ಗಮನಿಸಿ. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ತಂಪು ಗಾಳಿ ಭಾರವಾಗಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಹಳ್ಳದ ಪಕ್ಕದ ಹೊಲ ಥಂಡಿ ಹಿಡಿದಿರುತ್ತದೆ, ದಿಬ್ಬದ ಮೇಲಿನದ್ದು ಬೆಚ್ಚಗಿರುತ್ತದೆ. ಒಂದೇ ಊರಿನ ಎರಡು ಹೊಲದ ಬಲೆಗಳಲ್ಲಿ ಬೇರೆ ಬೇರೆ ಎಣಿಕೆ ಬರುವುದಕ್ಕೆ ಇದೂ ಒಂದು ಕಾರಣ. ಮೊಬೈಲ್ ಆ್ಯಪ್ ತೋರಿಸುವ ದಾವಣಗೆರೆ ಪೇಟೆಯ ತಾಪಮಾನವನ್ನು ನಿಮ್ಮ ಹೊಲದ್ದು ಅಂದುಕೊಳ್ಳಬೇಡಿ. ಪೇಟೆಯ ಸಿಮೆಂಟು, ಡಾಂಬರು ರಾತ್ರಿಯೂ ಬಿಸಿ ಇರುತ್ತವೆ.

2. ಬಲೆ ಕಟ್ಟಿ, ಲ್ಯೂರ್ ಕಾಪಾಡಿ

ಬಲೆ ಬೆಳೆಯ ತಲೆಗಿಂತ ಸುಮಾರು ಒಂದಡಿ ಮೇಲೆ ಇರಲಿ. ಬೆಳೆ ಏರಿದ ಹಾಗೆ ಬಲೆಯನ್ನೂ ಏರಿಸಿ. ಮೆಕ್ಕೆಜೋಳ ಎದೆಮಟ್ಟ ಬಂದರೂ ಮೊಣಕಾಲೆತ್ತರದಲ್ಲೇ ಉಳಿದ ಬಲೆಗೆ ಏನು ಬಿದ್ದೀತು?

ಲ್ಯೂರ್‌ನಿಂದ ವಾಸನೆ ಹೊರಗೆ ಬರುವುದೂ ತಾಪಮಾನದ ಮೇಲೆ ನಿಂತಿದೆ. ಬಿಸಿ ಜಾಸ್ತಿ ಆದಷ್ಟು ಬೇಗ ಆರುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಲ್ಯೂರ್ ಬೇಗ ಖಾಲಿಯಾಗುತ್ತದೆ, ಮಾಗಿಯಲ್ಲಿ ಹೆಚ್ಚು ದಿನ ಬಾಳುತ್ತದೆ. ಪ್ಯಾಕೆಟ್ ಮೇಲೆ ನಾಲ್ಕು ವಾರ ಅಂತ ಬರೆದಿದ್ದರೂ ಬೇಸಿಗೆಯಲ್ಲಿ ಎರಡು, ಮೂರು ವಾರಕ್ಕೇ ಬದಲಿಸಿ. ಬದಲಿಸಿದ ತಾರೀಖನ್ನು ಬಲೆಯ ಮೇಲೇ ಬರೆಯಿರಿ. ಉಳಿದ ಪ್ಯಾಕೆಟ್‌ಗಳನ್ನು ಫ್ರಿಜ್‌ನಲ್ಲಿ ಇಡಿ. ಬೈಕಿನ ಡಿಕ್ಕಿಯಲ್ಲಿ ವಾರಗಟ್ಟಲೆ ಇಟ್ಟ ಲ್ಯೂರ್‌ನಲ್ಲಿ ಏನೂ ಉಳಿದಿರುವುದಿಲ್ಲ.

ಲ್ಯೂರನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮುಖ್ಯವಾಗಿ ತಂಬಾಕು, ಔಷಧಿ ಮುಟ್ಟಿದ ಕೈಯಲ್ಲಿ ಬೇಡವೇ ಬೇಡ. ಎರಡು ಜಾತಿಯ ಲ್ಯೂರ್‌ಗಳನ್ನು ಒಂದೇ ಬಲೆಯಲ್ಲಿ ಇಡಬೇಡಿ, ವಾಸನೆ ಕಲಬೆರಕೆಯಾಗಿ ಎರಡೂ ಕೆಡಬಹುದು.

3. ಕನಿಷ್ಠ ತಾಪಮಾನ ಸಾಲದು, ಸಂಜೆಯದ್ದು ಬರೆಯಿರಿ

ಪೇಪರಿನಲ್ಲಿ, ಟೀವಿಯಲ್ಲಿ ಹೇಳುವ ಕನಿಷ್ಠ ತಾಪಮಾನ ಸಾಮಾನ್ಯವಾಗಿ ಬೆಳಗಿನ ಜಾವದ್ದು, ಸೂರ್ಯ ಹುಟ್ಟುವ ಸ್ವಲ್ಪ ಮುಂಚಿನದ್ದು. ಅಷ್ಟೊತ್ತಿಗೆ ಪತಂಗದ ಕೆಲಸ ಬಹುತೇಕ ಮುಗಿದಿರುತ್ತದೆ. "ರಾತ್ರಿ 14 ಡಿಗ್ರಿ ಇತ್ತು, ಹುಳು ಬರಲ್ಲ ಬಿಡಿ" ಎನ್ನುವುದು ಇದಕ್ಕೇ ತಪ್ಪು. ಬೆಳಗಿನ ಜಾವ 14 ಇದ್ದ ದಿನ ಸಂಜೆ ಕತ್ತಲಾದಾಗ 22 ಇದ್ದಿರಬಹುದು, ಅಲ್ವಾ?

ಮೂರು ಹೊತ್ತು ಬರೆಯಿರಿ: ಕತ್ತಲಾದ ಅರ್ಧ ಗಂಟೆಗೆ, ರಾತ್ರಿ 10ಕ್ಕೆ, ಬೆಳಗ್ಗೆ ಮೀಟರ್ ತೋರಿಸುವ ಕನಿಷ್ಠ. ಮೊದಲನೆಯದಕ್ಕೆ ಗಡಿಯಾರ ನೋಡಬೇಡಿ, ಕತ್ತಲು ನೋಡಿ. ಡಿಸೆಂಬರ್‌ನಲ್ಲಿ ಆರೂವರೆಗೇ ಕತ್ತಲಾಗುತ್ತದೆ, ಜೂನ್‌ನಲ್ಲಿ ಏಳೂವರೆ ಆಗುತ್ತದೆ. ಪತಂಗ ನಡೆಯುವುದು ಕತ್ತಲಿನ ಲೆಕ್ಕದಲ್ಲಿ, ಗಡಿಯಾರದ್ದಲ್ಲ.

ಇದರ ಪಕ್ಕದಲ್ಲಿ ಇನ್ನು ಮೂರು ಸಣ್ಣ ಗುರುತು ಹಾಕಿ: ಗಾಳಿ, ಮೋಡ, ಚಂದ್ರ. ಮೋಡ ಮುಚ್ಚಿದ ರಾತ್ರಿ ನೆಲದ ಬಿಸಿ ಮೇಲೆ ಹೋಗದೆ ಉಳಿಯುತ್ತದೆ, ಪತಂಗಕ್ಕೆ ಅದು ಒಳ್ಳೆಯ ರಾತ್ರಿ. ಆಕಾಶ ಶುಭ್ರವಾಗಿದ್ದರೆ ಬೇಗ ತಣಿಯುತ್ತದೆ.

4. ಬೆಳಗ್ಗೆ ಎಣಿಸಿ, ಆದರೆ ಗುರುತು ಹಿಡಿದು ಎಣಿಸಿ

ಬಿಸಿಲೇರುವ ಮುಂಚೆ ಎಣಿಸಿ, ಎಣಿಸಿದ್ದನ್ನು ತೆಗೆದುಹಾಕಿ. ಇಲ್ಲದಿದ್ದರೆ ನಾಳೆಯ ಲೆಕ್ಕಕ್ಕೆ ಇವತ್ತಿನದ್ದೂ ಸೇರುತ್ತದೆ. ಇರುವೆ, ಹಲ್ಲಿ ಬಲೆಗೆ ನುಗ್ಗುತ್ತಿದ್ದರೆ ಗೂಟಕ್ಕೆ ಗ್ರೀಸ್ ಸವರಿ.

ಮೆಕ್ಕೆಜೋಳದ ಫಾಲ್ ಸೈನಿಕ ಹುಳು, ಅಂದರೆ ನಮ್ಮ ಕಡೆ ಲದ್ದಿ ಹುಳು ಅನ್ನುವುದು, 2018ರಲ್ಲಿ ಭಾರತದಲ್ಲಿ ಮೊದಲು ಕಂಡದ್ದು ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲೇ. ಅದರ ಗಂಡು ಪತಂಗದ ಮುಂದಿನ ರೆಕ್ಕೆಯ ತುದಿಯಲ್ಲಿ ಬಿಳಿ ಮಚ್ಚೆ ಇರುತ್ತದೆ, ನಡುವೆ ತಿಳಿ ಕಂದು ಬಣ್ಣದ ಓರೆ ಗುರುತು. ಕಡಲೆ, ತೊಗರಿಯ ಕಾಯಿ ಕೊರಕದ ಪತಂಗ ಹಳದಿ ಮಿಶ್ರಿತ ಕಂದು. ಮುಂದಿನ ರೆಕ್ಕೆಯಲ್ಲಿ ಮೂತ್ರಪಿಂಡದ ಆಕಾರದ ಕಪ್ಪು ಚುಕ್ಕೆ, ಹಿಂದಿನ ಬಿಳಚು ರೆಕ್ಕೆಗೆ ಅಗಲವಾದ ಕಪ್ಪು ಅಂಚು. ಬಲೆಗೆ ಬಿದ್ದದ್ದೆಲ್ಲ ಪೀಡೆಯಲ್ಲ. ಲ್ಯೂರ್‌ಗೆ ಸಂಬಂಧವೇ ಇಲ್ಲದ ಪತಂಗಗಳೂ ಆಗಾಗ ಬೀಳುತ್ತವೆ. ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ.

5. ಎಣಿಕೆಯನ್ನು ತಾಪಮಾನದ ಜೊತೆ ಓದಿ

ಇದೇ ಮುಖ್ಯ ಹಂತ. ಸ್ವಲ್ಪ ನಿಧಾನವಾಗಿ ಓದಿ.

ಪತಂಗಕ್ಕೆ ರಾತ್ರಿ ಮೂರು ಕೆಲಸ: ಹೂವಿನ ರಸ ಕುಡಿಯುವುದು, ಕೂಡುವುದು, ಮೊಟ್ಟೆ ಇಡುವುದು. ಮೂರಕ್ಕೂ ಬೇರೆ ಬೇರೆ ಹೊತ್ತು. ಕಾಯಿ ಕೊರಕವನ್ನೇ ನೋಡಿ. ಕತ್ತಲಾದ ಕೂಡಲೇ ರಸ ಕುಡಿಯುತ್ತದೆ. ಮೊಟ್ಟೆ ಇಡುವುದೂ ರಾತ್ರಿಯ ಮೊದಲ ಭಾಗದಲ್ಲೇ ಜಾಸ್ತಿ. ಕೂಡುವುದು ಮಾತ್ರ ಹೆಚ್ಚಾಗಿ ನಡುರಾತ್ರಿ ಕಳೆದ ಮೇಲೆ. ಹೆಣ್ಣು ವಾಸನೆ ಬಿಡುವುದು, ಗಂಡು ಅದನ್ನು ಹುಡುಕಿ ಹೊರಡುವುದು ಆಗಲೇ. ಮೋಹಕ ಬಲೆಗೆ ಗಂಡು ಬೀಳುವುದೂ ಆಗಲೇ.

ಈಗ ನವೆಂಬರ್ ಕೊನೆಯ ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಹಿರಿಯೂರಿನ ಕಡೆ ಕಪ್ಪು ಮಣ್ಣಿನ ಹೊಲ, ಕಡಲೆ ಹೂವಿಗೆ ಬಂದಿದೆ. ಕತ್ತಲಾದಾಗ 22 ಡಿಗ್ರಿ. ಹೆಣ್ಣು ಪತಂಗ ಆರಾಮಾಗಿ ಹಾರಿ, ಗಿಡದಿಂದ ಗಿಡಕ್ಕೆ ಹೋಗಿ ಒಂದೊಂದೇ ಮೊಟ್ಟೆ ಇಡುತ್ತದೆ. ನಡುರಾತ್ರಿ ಕಳೆಯುವಷ್ಟರಲ್ಲಿ 15ಕ್ಕೆ ಇಳಿದಿದೆ. ಗಂಡು ಹಾರುವ ಹೊತ್ತಿಗೆ ಹೆಚ್ಚಿನವು ಹಾರಲು ಆಗದಷ್ಟು ಚಳಿ. ಬೆಳಗ್ಗೆ ನೋಡಿದರೆ ಬಲೆ ಖಾಲಿ, ಗಿಡದಲ್ಲಿ ಮೊಟ್ಟೆ. ಮೊದಲ ಪ್ರಶ್ನೆಗೆ ಉತ್ತರ ಇದೇ. ನಿನ್ನೆ ಮೊನ್ನೆ ಕಂಡ ಹುಳು ಕೂಡ ಇವತ್ತಿನ ಪತಂಗದ್ದಲ್ಲ, ವಾರದ ಹಿಂದೆ ಹಾರಿದ ಪತಂಗದ್ದು ಎನ್ನುವುದನ್ನೂ ಮರೆಯಬೇಡಿ.

ಚಳಿಗೆ ತಕ್ಕ ಹಾಗೆ ಹೊತ್ತನ್ನು ಬದಲಿಸುವ ಪತಂಗಗಳೂ ಇವೆ. ಹತ್ತಿಯ ಗುಲಾಬಿ ಕಾಯಿ ಕೊರಕ ಬೆಚ್ಚಗಿನ ಕಾಲದಲ್ಲಿ ನಡುರಾತ್ರಿಯ ನಂತರ ಕೂಡುತ್ತದೆ. ರಾತ್ರಿ ತಣ್ಣಗಾಗುವ ಕಾಲ ಬಂದ ಹಾಗೆ ಆ ಕೆಲಸವನ್ನು ಸಂಜೆಯ ಕಡೆಗೆ ಎಳೆದುಕೊಳ್ಳುತ್ತದೆ, ಇನ್ನೂ ಬಿಸಿ ಇರುವಾಗಲೇ ಮುಗಿಸುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಕತ್ತಲಾದ ಹೊತ್ತಿನ ತಾಪಮಾನಕ್ಕೇ ಬೆಲೆ ಜಾಸ್ತಿ. ಬೇಸಿಗೆಯಲ್ಲಿ ಇದು ಉಲ್ಟಾ. ಏಪ್ರಿಲ್‌ನಲ್ಲಿ ಕತ್ತಲಾದರೂ ಹೊಲ ಕಾದ ಹೆಂಚಿನ ಹಾಗೆ ಇರುತ್ತದೆ. ಆಗ ಹಾರಾಟ ಜೋರಾಗುವುದು ತಡರಾತ್ರಿಯ ತಂಪಿಗೆ.

ಇನ್ನು ಓದುವ ಕ್ರಮ. ಎಣಿಕೆ ಇಳಿದಿದೆ, ತಾಪಮಾನವೂ ಇಳಿದಿದೆ ಅಂದರೆ ಪತಂಗ ಕಡಿಮೆಯಾಗಿಲ್ಲ, ಕೂತಿವೆ. ನೆಮ್ಮದಿ ಪಡಬೇಡಿ. ಎಣಿಕೆ ಇಳಿದಿದೆ, ತಾಪಮಾನ ಹಾಗೇ ಇದೆ, ಗಾಳಿಯೂ ಇಲ್ಲ ಅಂದರೆ ಪತಂಗ ನಿಜಕ್ಕೂ ಕಡಿಮೆಯಾಗಿರಬಹುದು. ಆದರೆ ಮೊದಲು ಲ್ಯೂರ್‌ನ ತಾರೀಖು ನೋಡಿ. ನಾಲ್ಕೈದು ದಿನ ಥಂಡಿ ಇದ್ದು ಒಂದು ರಾತ್ರಿ ಮೋಡ ಕವಿದು ಬೆಚ್ಚಗಾದಾಗ ಎಣಿಕೆ ಹಾರಿತು ಅಂದರೆ ಹೊಸ ಪತಂಗದ ದಂಡು ಬಂತು ಎಂದೇ ತಿಳಿಯಬೇಕಿಲ್ಲ. ಕೂತಿದ್ದವೆಲ್ಲ ಒಟ್ಟಿಗೆ ಎದ್ದಿರಬಹುದು. ಅಂಥ ದಿನ ಅವಸರಕ್ಕೆ ಟ್ಯಾಂಕ್ ಬೆನ್ನಿಗೇರಿಸಬೇಡಿ, ಇನ್ನೆರಡು ರಾತ್ರಿ ನೋಡಿ. ತಾಪಮಾನ ಬದಲಾಗದೆ ಎಣಿಕೆ ಮಾತ್ರ ದಿನೇ ದಿನೇ ಏರುತ್ತಿದ್ದರೆ ಅದು ನಿಜವಾದ ಎಚ್ಚರಿಕೆ.

ಶಿಫಾರಸಿನ ಗೆರೆಗಳನ್ನು ಓದುವಾಗಲೂ ಇದು ಬೇಕು. ಗುಲಾಬಿ ಕಾಯಿ ಕೊರಕಕ್ಕೆ ಬಲೆಗೆ ದಿನಕ್ಕೆ 8 ಪತಂಗ, ಸತತ 3 ದಿನ ಬಿದ್ದರೆ ಕ್ರಮ ಕೈಗೊಳ್ಳಿ ಎನ್ನುತ್ತಾರೆ. ಎರಡು ದಿನ 10, 9 ಬಿದ್ದು ಮೂರನೇ ರಾತ್ರಿ ಏಕಾಏಕಿ ಚಳಿ ಬಿದ್ದು 2 ಬಂತು ಅಂದುಕೊಳ್ಳಿ. ಸತತ ತಪ್ಪಿತು ಎಂದು ಮೊದಲಿಂದ ಎಣಿಸಲು ಹೋಗಬೇಡಿ. ಆ ಚಳಿಯ ರಾತ್ರಿಯನ್ನು ಬಿಟ್ಟು ಮುಂದಿನದ್ದನ್ನು ಸೇರಿಸಿ ಎನ್ನುವುದು ನನ್ನ ಸಲಹೆ.

ಗಾಳಿಯ ವಿಚಾರ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಮುಂಗಾರಿನಲ್ಲಿ, ಜೂನ್‌ನಿಂದ ಆಗಸ್ಟ್‌ವರೆಗೆ, ಇಲ್ಲಿ ರಾತ್ರಿಯೂ ಗಾಳಿ ಬೀಸುತ್ತದೆ. ಮೆಲ್ಲನೆ ಗಾಳಿ ಇದ್ದರೆ ಲ್ಯೂರ್‌ನ ವಾಸನೆ ದಾರವಾಗಿ ಹರಿದು ಗಂಡು ಅದನ್ನೇ ಹಿಡಿದು ಬರುತ್ತದೆ. ಇಡೀ ಗಿಡ ತೂಗಾಡುವಷ್ಟು ಗಾಳಿ ಇದ್ದರೆ ಆ ದಾರ ಹರಿದು ಚೂರಾಗುತ್ತದೆ. ಆಗ ತಾಪಮಾನ 22 ಇದ್ದರೂ ಬಲೆ ಖಾಲಿ. ಮುಂಗಾರಿನ ಮೆಕ್ಕೆಜೋಳದಲ್ಲಿ ಬಲೆ ಮೋಸ ಮಾಡುವುದಕ್ಕೆ ಚಳಿಗಿಂತ ಗಾಳಿಯೇ ದೊಡ್ಡ ಕಾರಣ.

6. ಮೊಟ್ಟೆ ಯಾವಾಗ ಒಡೆಯುತ್ತದೆ ಎಂದು ಲೆಕ್ಕ ಹಾಕಿ

ಪತಂಗ ಹಾರಿದ ದಿನಕ್ಕಿಂತ ಮೊಟ್ಟೆ ಒಡೆಯುವ ದಿನ ನಿಮಗೆ ಮುಖ್ಯ. ಮರಿಹುಳು ಸಣ್ಣದಿದ್ದಾಗ ಕಡಿಮೆ ಖರ್ಚಿನಲ್ಲಿ ಹಿಡಿಯಬಹುದು. ಸುಳಿಯೊಳಗೆ ಇಳಿದು ಲದ್ದಿಯಿಂದ ಬಾಗಿಲು ಮುಚ್ಚಿಕೊಂಡ ಮೇಲೆ ಕಷ್ಟ.

ಹುಳುವಿನ ಬೆಳವಣಿಗೆಗೆ ದಿನಗಳ ಲೆಕ್ಕಕ್ಕಿಂತ ಶಾಖದ ಲೆಕ್ಕ ಸರಿ. ಫಾಲ್ ಸೈನಿಕ ಹುಳು ಸುಮಾರು 12.5 ಡಿಗ್ರಿಗಿಂತ ಕೆಳಗೆ ಬೆಳೆಯುವುದಿಲ್ಲ. ಅದಕ್ಕಿಂತ ಮೇಲಿನ ಪ್ರತಿ ಡಿಗ್ರಿಯೂ ದಿನಕ್ಕೆ ಒಂದು ಅಂಕ. ಮೊಟ್ಟೆಯಿಂದ ಪತಂಗ ಆಗುವುದಕ್ಕೆ ಸುಮಾರು 390 ಅಂಕ ಬೇಕು.

ದಿನದ ಗರಿಷ್ಠ, ಕನಿಷ್ಠ ಎರಡನ್ನೂ ಕೂಡಿಸಿ, ಅರ್ಧ ಮಾಡಿ, 12.5 ಕಳೆಯಿರಿ. ಬಂದದ್ದು ಆ ದಿನದ ಅಂಕ. ಜುಲೈನಲ್ಲಿ ಗರಿಷ್ಠ 28, ಕನಿಷ್ಠ 21 ಇದ್ದರೆ ಸರಾಸರಿ 24.5, ಅಂಕ 12. ಹಾಗೇ ಮುಂದುವರಿದರೆ ಒಂದು ತಲೆಮಾರು 32, 33 ದಿನದಲ್ಲಿ ಮುಗಿಯುತ್ತದೆ. ಡಿಸೆಂಬರ್‌ನಲ್ಲಿ ಗರಿಷ್ಠ ಅಷ್ಟೇ 28, ಆದರೆ ಕನಿಷ್ಠ 15. ಸರಾಸರಿ 21.5, ಅಂಕ 9, ದಿನ 43. ಹಗಲು ಒಂದೇ ಇದ್ದರೂ ರಾತ್ರಿಯ ಚಳಿ ಹತ್ತು ದಿನ ಮುಂದೂಡಿತು ನೋಡಿ. ನೀರಾವರಿಯ ಬೇಸಿಗೆ ಬೆಳೆಯಲ್ಲಿ ಗರಿಷ್ಠ 37, ಕನಿಷ್ಠ 23 ಅಂದರೆ ಅಂಕ 17.5, ದಿನ 22. ಒಂದು ಎಚ್ಚರಿಕೆ: ಹಗಲು 35 ದಾಟಿದ ಮೇಲೆ ಶಾಖ ಹುಳುವಿಗೂ ತೊಂದರೆಯೇ. ಹಾಗಾಗಿ ಬೇಸಿಗೆಯಲ್ಲಿ ಲೆಕ್ಕಕ್ಕಿಂತ ಕೆಲವು ದಿನ ಜಾಸ್ತಿ ಹಿಡಿಯಬಹುದು.

ಮೊಟ್ಟೆ ಒಡೆಯಲು ಬೇಕಾದದ್ದು ಸುಮಾರು 35 ಅಂಕ, ಅದಕ್ಕೆ ಮಾತ್ರ ಸರಾಸರಿಯಿಂದ 12.5ರ ಬದಲು 13 ಕಳೆದು ಲೆಕ್ಕ ಹಾಕಿ. ಜುಲೈಗೆ 3 ದಿನ, ಡಿಸೆಂಬರ್‌ಗೆ 4, ಬೇಸಿಗೆಗೆ 2. ಬಲೆಯ ಎಣಿಕೆ ಏರಿದ ರಾತ್ರಿಯಿಂದ ಇಷ್ಟು ದಿನ ಕೂಡಿಸಿ, ಆ ದಿನ ತಪ್ಪದೆ ಹೊಲ ನೋಡಿ.

ಈ ಅಂಕಗಳು ಸೈನಿಕ ಹುಳುವಿಗೆ ಮಾತ್ರ. ಇದನ್ನೇ ಕಡಲೆ, ಶೇಂಗಾ, ಹತ್ತಿಯ ಹುಳುವಿಗೆ ಹಚ್ಚಬೇಡಿ.

7. ಹೊಲ ನಡೆದು ನೋಡಿ, ಆಮೇಲೆ ತೀರ್ಮಾನಿಸಿ

ಔಷಧಿ ಹೊಡೆಯುವ ತೀರ್ಮಾನ ಗಿಡ ನೋಡಿ ಆಗಬೇಕು. ಬಲೆ ಇರುವುದು ಯಾವಾಗ ನೋಡಬೇಕು ಎಂದು ಹೇಳುವುದಕ್ಕೆ.

ಮೆಕ್ಕೆಜೋಳದ ಸೈನಿಕ ಹುಳುವಿಗಾದರೆ ಹೊಲದ ಐದು ಕಡೆ 20 ಗಿಡದಂತೆ 100 ಗಿಡ ನೋಡಿ. ಬದುವಿನ ಪಕ್ಕದ ಗಿಡಗಳನ್ನಷ್ಟೇ ನೋಡಿ ಮನೆಗೆ ಬರಬೇಡಿ. ಮೊಟ್ಟೆಗಳು ಎಲೆಯ ಮೇಲೆ ನೂರು, ಇನ್ನೂರರ ಗುಂಪಾಗಿ, ಬೂದು ಬಣ್ಣದ ತುಪ್ಪಳ ಹೊದ್ದು ಕೂತಿರುತ್ತವೆ. ಬೆರಳಲ್ಲಿ ಹೊಸಕಿ ಹಾಕಿದರೆ ಅಷ್ಟೂ ಹುಳು ಅಲ್ಲೇ ಮುಗಿಯುತ್ತದೆ, ಪೈಸೆ ಖರ್ಚಿಲ್ಲ. ಮರಿಗಳು ಎಲೆಯನ್ನು ಕೆರೆದಾಗ ಗಾಜಿನ ಕಿಟಕಿಯಂಥ ಬಿಳಿ ಪೊರೆ ಉಳಿಯುತ್ತದೆ. ದೊಡ್ಡ ಹುಳುವಿನ ಹಣೆಯಲ್ಲಿ ತಲೆಕೆಳಗಾದ ವೈ ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ.

ನೂರರಲ್ಲಿ 5 ಗಿಡಕ್ಕೆ ಹಾನಿ ಕಂಡರೆ ಬೇವಿನ ಬೀಜದ ಕಷಾಯ ಶೇಕಡ 5, ಅಥವಾ 1500 ಪಿಪಿಎಂ ಅಜಾಡಿರಕ್ಟಿನ್ ಲೀಟರ್‌ಗೆ 5 ಮಿಲಿ. ಸುಳಿ ಹಂತದಲ್ಲಿ ಹಾನಿ 10 ದಾಟಿದರೆ ಇಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಲೀಟರ್‌ಗೆ 0.4 ಗ್ರಾಂ, ಅಥವಾ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಲೀಟರ್‌ಗೆ 0.4 ಮಿಲಿ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆಯಬೇಡಿ. ಸೂಲಂಗಿ ಬಂದ ಮೇಲೆ ಔಷಧಿಯ ಖರ್ಚು ಕೈಗೆ ಬರುವುದಿಲ್ಲ, ಕೈಯಲ್ಲಿ ಆರಿಸುವುದೇ ಮೇಲು.

ಹೊತ್ತು ಮುಖ್ಯ. ಹುಳು ಸಂಜೆಯಿಂದ ರಾತ್ರಿವರೆಗೆ ಮೇಲೆ ಬಂದು ಮೇಯುತ್ತದೆ, ಬಿಸಿಲಿಗೆ ಸುಳಿಯ ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಸಂಜೆ ಹೊಡೆಯಿರಿ, ನಾಜಲ್ ಸುಳಿಗೆ ತೋರಿಸಿ. ಬೇವು ಬಿಸಿಲಿಗೆ ಬೇಗ ಕೆಡುವುದರಿಂದ ಅದಕ್ಕಂತೂ ಸಂಜೆಯೇ ಬೇಕು. ಜೇನುಹುಳುಗಳೂ ಆಗ ಗೂಡು ಸೇರಿರುತ್ತವೆ. ಪಕ್ಕದಲ್ಲಿ ಸೂರ್ಯಕಾಂತಿ ಇದ್ದರೆ ಈ ಮಾತನ್ನು ದಯವಿಟ್ಟು ಮರೆಯಬೇಡಿ.

ಚಳಿ ದಿನಗಳಲ್ಲಿ ಹುಳು ನಿಧಾನವಾಗಿ ಮೇಯುತ್ತದೆ, ವಿಷವೂ ನಿಧಾನವಾಗಿ ಒಳಗೆ ಹೋಗುತ್ತದೆ. ಮರುದಿನವೇ ಹುಳು ಸತ್ತಿಲ್ಲ ಎಂದು ಇನ್ನೊಂದು ಔಷಧಿ ಬೆರೆಸಿ ಹೊಡೆಯುವುದು ದುಡ್ಡು ದಂಡ. ಸುಳಿಯಲ್ಲಿ ಹೊಸ ಹಸಿ ಲದ್ದಿ ಬೀಳುತ್ತಿದೆಯಾ ನೋಡಿ. ಬೀಳುತ್ತಿಲ್ಲ ಅಂದರೆ ಹುಳು ತಿನ್ನುವುದು ನಿಲ್ಲಿಸಿದೆ, ಮೂರು ನಾಲ್ಕು ದಿನ ಕಾಯಿರಿ.

8. ದೀಪದ ಬಲೆ ಇದ್ದರೆ

ಭದ್ರಾ ನಾಲೆಯ ಭತ್ತದ ಗದ್ದೆಗಳಲ್ಲಿ ಕಾಂಡ ಕೊರಕಕ್ಕೆ ದೀಪದ ಬಲೆ ಇಡುವವರಿದ್ದಾರೆ. ಇದಕ್ಕೆ ಹೆಣ್ಣೂ ಬರುತ್ತದೆ, ಅದು ಅನುಕೂಲ. ರಾತ್ರಿಯಿಡೀ ಉರಿಸಿದರೆ ಉಪಕಾರಿ ಕೀಟಗಳೂ ಸಾಯುತ್ತವೆ. ಅದಕ್ಕೇ ಕತ್ತಲಾದಾಗಿನಿಂದ 10ರವರೆಗೆ ಸಾಕು ಎನ್ನುತ್ತಾರೆ. ಚಳಿಗಾಲಕ್ಕೆ ಈ ಹೊತ್ತು ಚೆನ್ನಾಗಿ ಹೊಂದುತ್ತದೆ. ಬೇಸಿಗೆಯಲ್ಲಿ ಹಾರಾಟ ತಡವಾಗುವುದರಿಂದ 10ರ ಒಳಗಿನ ಎಣಿಕೆ ಕಡಿಮೆ ಬಂದರೆ ಪತಂಗ ಇಲ್ಲ ಅಂದುಕೊಳ್ಳಬೇಡಿ. ಹುಣ್ಣಿಮೆಯ ಹಿಂದೆಮುಂದೆ ಬೆಳದಿಂಗಳಿಗೆ ದೀಪ ಮಂಕಾಗಿ ಎಣಿಕೆ ಬಿದ್ದುಹೋಗುತ್ತದೆ. ಹುಣ್ಣಿಮೆಯ ಎಣಿಕೆಯನ್ನು ಹುಣ್ಣಿಮೆಯ ಜೊತೆ, ಅಮಾವಾಸ್ಯೆಯದ್ದನ್ನು ಅಮಾವಾಸ್ಯೆಯ ಜೊತೆ ಹೋಲಿಸಿ.

ಚಳ್ಳಕೆರೆ ಕಡೆಯ ಶೇಂಗಾ ಬೆಳೆಗಾರರಿಗೆ ಒಂದು ಮಾತು. ಕೆಂಪು ಕಂಬಳಿ ಹುಳುವಿನ ಪತಂಗಕ್ಕೆ ಮೇಲಿನ ತಾಪಮಾನದ ಲೆಕ್ಕ ಬೇಡ. ಅದರ ಕೋಶ ಮಣ್ಣಿನಲ್ಲಿ ಮಲಗಿದ್ದು, ಮುಂಗಾರಿನ ಮೊದಲ ಹದ ಮಳೆಗೆ ಎದ್ದು ಬರುತ್ತದೆ. ಮಳೆ ಬಿದ್ದ ಸಂಜೆಯಿಂದಲೇ ಊರವರೆಲ್ಲ ಸೇರಿ ದೀಪದ ಬಲೆ ಇಟ್ಟರೆ ಅಥವಾ ಬೆಂಕಿ ಹಾಕಿದರೆ ಮೊಟ್ಟೆ ಇಡುವ ಮುಂಚೆಯೇ ಬಹಳಷ್ಟು ಸಿಗುತ್ತವೆ. ಒಬ್ಬರ ಹೊಲದಲ್ಲಿ ಮಾತ್ರ ಮಾಡಿದರೆ ಪ್ರಯೋಜನ ಕಡಿಮೆ.

ಗುರುತು ಸಿಗದಿದ್ದರೆ ಎಲ್ಲಿ ತೋರಿಸಬೇಕು

ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಚಿತ್ರದುರ್ಗದವರಿಗೆ ಹಿರಿಯೂರು ಹತ್ತಿರದ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರ. ಹೋಬಳಿಯ ರೈತ ಸಂಪರ್ಕ ಕೇಂದ್ರ ಇದ್ದೇ ಇದೆ. ಮುಂದಿನ ದಿನಗಳ ಹವಾಮಾನಕ್ಕೆ ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಬರುವ ಜಿಲ್ಲಾ ಸಲಹೆ ನೋಡಿ.

ಹೋಗುವಾಗ ಪತಂಗವನ್ನು ಕೈಯಲ್ಲಿ ಹಿಡಿದು ಒಯ್ಯಬೇಡಿ, ರೆಕ್ಕೆಯ ಪುಡಿ ಉದುರಿದರೆ ಗುರುತು ಹೋಗುತ್ತದೆ. ಒದ್ದೆಯಾದ ಪತಂಗವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೂ ಅದೇ ಕಥೆ. ಪೇಪರ್ ಮಡಚಿ ಪೊಟ್ಟಣ ಮಾಡಿ, ಒಣಗಿದ ಎರಡು ಮೂರನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಳ್ಳಿ. ಯಾವ ಲ್ಯೂರ್ ಹಾಕಿದ್ದೀರಿ ಎಂದು ಗೊತ್ತಾಗಲು ಅದರ ಪ್ಯಾಕೆಟ್ ಇರಲಿ. ಕೊನೆಯ ಹತ್ತು ದಿನದ ಎಣಿಕೆ, ಸಂಜೆಯ ತಾಪಮಾನ, ಗಾಳಿ ಬರೆದ ನೋಟ್‌ಬುಕ್ ಜೊತೆಗಿದ್ದರೆ ವಿಜ್ಞಾನಿಗಳು ನಿಮ್ಮ ಹೊಲಕ್ಕೇ ತಕ್ಕ ಸಲಹೆ ಕೊಡಬಹುದು.